ಹದಿನಾಲ್ಕನೇ ಪುಟದ ತಿದ್ದುಪಡಿ

ಸಿದ್ಧಾರ್ಥನಗರ, ಮೈಸೂರು
೨೨ ಜುಲೈ ೨೦೨೫, ಮಂಗಳವಾರ

ಪ್ರೀತಿಯ ಮಗಳು ಧರಣಿಗೆ,

ಮೊಣಕಾಲು ನೋವೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಬೋಗಾದಿಯಲ್ಲಿ ನೀನು, ಅಳಿಯ ಹರೀಶ, ಮೊಮ್ಮಗಳು ಸುಷ್ಮಿತಾ ಮೂವರೂ ಚೆನ್ನಾಗಿರುವುದು ನಿನ್ನೆ ಸಂಜೆ ಫೋನಿನಲ್ಲೇ ಗೊತ್ತಾಗಿದೆ. ಹಾಗಿದ್ದ ಮೇಲೆ ಒಂದೇ ಊರಿನಲ್ಲಿದ್ದುಕೊಂಡು ಕಾಗದ ಯಾಕೆ ಬರೆಯುತ್ತಿದ್ದಾಳೆ, ಅಮ್ಮನಿಗೆ ಅರಳುಮರಳು ಶುರುವಾಯಿತು ಎಂದುಕೊಳ್ಳಬೇಡ. ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ಮೂರು ಸಲವೂ ನೀನು "ಕುಕ್ಕರ್ ಕೂಗ್ತಾ ಇದೆ ಕಣಮ್ಮ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ಎದುರು ಕೂತು ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ಇಲ್ಲವೇ ಅಳುತ್ತೀಯ. ನೀನು ಅತ್ತರೆ ನಾನು ಮಾತು ಬದಲಿಸುತ್ತೇನೆ, ಅದು ನನ್ನ ಹಳೇ ಚಾಳಿ. ಕಾಗದದ ಮುಂದೆ ಇಬ್ಬರ ಆಟವೂ ನಡೆಯುವುದಿಲ್ಲ. ನಾಳೆ ರಾಗಿ ಹಿಟ್ಟಿಗೆ ಹರೀಶ ಬಂದಾಗ ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಒಬ್ಬಳೇ ಕೂತು ಕೊನೆಯವರೆಗೆ ಓದು.

ವಿಷಯ ನಿಮ್ಮಪ್ಪನ ನೆನಪಿನ ಪುಸ್ತಕದ್ದು. ಪ್ರೆಸ್ಸಿನ ಶಿವಕಿರಣ್ ಉದಯಗಿರಿಯಿಂದ ಸ್ಕೂಟರಿನಲ್ಲಿ ಬಂದು ಕರಡು ಕೊಟ್ಟು ಹೋಗಿ ನಾಲ್ಕು ದಿನವಾಯಿತು. "ನೀವು ಟೈಪಿಸ್ಟ್ ಆಗಿದ್ದೋರು, ನಿಮ್ಮ ಕಣ್ಣಿಗೆ ಬೀಳ್ದೇ ಇರೋ ತಪ್ಪು ಯಾವ್ದೂ ಇರಲ್ಲ, ಶುಕ್ರವಾರದೊಳಗೆ ವಾಪಸ್ ಕೊಟ್ಬುಡಿ" ಅಂದ. ನೀನು ಎಷ್ಟು ಕಷ್ಟಪಟ್ಟು ಆ ಪುಸ್ತಕ ಮಾಡಿದ್ದೀಯ ಎಂದು ನನಗೆ ಗೊತ್ತು. ಝಾಂಬಿಯಾದ ಕಿಟ್ವೆಯಲ್ಲಿ ಅವರ ಹತ್ತಿರ ಗಣಿತ ಓದಿದ ಹಳೇ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಬರೆಸಿ, ಕನ್ನಡಕ್ಕೆ ತಂದಿದ್ದೀಯ. ಸೀಮೆಸುಣ್ಣ ಖಾಲಿಯಾದ ದಿನ ನಿಮ್ಮಪ್ಪ ಹುಡುಗರನ್ನು ಹೊರಗೆ ಕರೆದುಕೊಂಡು ಹೋಗಿ ಅಂಗಳದ ಕೆಂಪು ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದು ಪಾಠ ಮಾಡಿದರಂತೆ. ಕ್ವಾರ್ಟರ್ಸ್ ಹಿತ್ತಲಲ್ಲಿ ಅವರೆ ಗಿಡ ಹಾಕಿ, ಅಲ್ಲಿಯವರ ಮುಸುಕಿನ ಜೋಳದ ಮುದ್ದೆಗೆ ಅವರೆಕಾಳಿನ ಸಾರು ಮಾಡಿ, ಹಬ್ಬಕ್ಕೆ ಊರಿಗೆ ಹೋಗಲಾಗದ ಹುಡುಗರನ್ನೆಲ್ಲ ಕೂರಿಸಿ ಬಡಿಸುತ್ತಿದ್ದರಂತೆ. ಇಲ್ಲಿ ಒಂದು ಲೋಟ ತೊಳೆದಿಟ್ಟವರಲ್ಲ. ಓದಿ ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಒಂಬತ್ತನೇ ಪುಟದಲ್ಲಿ ನಿನ್ನ ಲೇಖನ ಇದೆ. ಅದನ್ನು ನೀನು ಮೊದಲೇ ನನಗೆ ತೋರಿಸಿರಲಿಲ್ಲ. ನೀನು ಬರೆದದ್ದು ಹೀಗೆ: "೧೯೯೧ರ ಜೂನ್‌ನಲ್ಲಿ ಅಪ್ಪನಿಗೆ ಮೈಸೂರಿನಲ್ಲೇ ಪ್ರಾಧ್ಯಾಪಕ ಹುದ್ದೆ ಸಿಗುವುದಿತ್ತು. ಅವರು ಇಂಟರ್‌ವ್ಯೂಗೇ ಹೋಗಲಿಲ್ಲ. ನಮಗಿಂತ ಅವರಿಗೆ ಕಿಟ್ವೆ ಹೆಚ್ಚಾಗಿತ್ತು. ಆದರೆ ಇಂಟರ್‌ವ್ಯೂ ಹಿಂದಿನ ದಿನ ನನ್ನ ತಲೆಯ ಮೇಲೆ ಕೈ ಇಟ್ಟು ತುಂಬ ಹೊತ್ತು ನಿಂತಿದ್ದರು. ಆ ಆಶೀರ್ವಾದವನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ." ಹದಿನಾಲ್ಕನೇ ಪುಟದಲ್ಲಿ ಅವರ ಸಂಶೋಧನಾ ಲೇಖನಗಳ ಪಟ್ಟಿ. ಕೊನೆಯದು ೧೯೯೧ರ ಫೆಬ್ರವರಿಯದು, "ದೇವರಾಜು ಪ್ರಮೇಯ" ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೀಯ. ಅವರು ತೀರಿಕೊಂಡ ಮೊದಲ ವರ್ಷದ ಕಾರ್ಯಕ್ರಮದ ದಿನ, ಆಗಸ್ಟ್ ಮೂರನೇ ತಾರೀಕು ಭಾನುವಾರ, ಅದೇ ಹೆಸರಿನಲ್ಲಿ ಬಹುಮಾನ ಘೋಷಣೆ ಎಂದೂ ಇದೆ.

ಈ ಎರಡು ಪುಟವೂ ತಪ್ಪು. ಎರಡೂ ತಪ್ಪಿಗೆ ಕಾರಣ ನಾನು. ಎರಡನ್ನೂ ತಿದ್ದದೆ ಕರಡು ಈ ಮನೆಯಿಂದ ಆಚೆ ಹೋಗುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿನಗೆ ನೆನಪಿರುವುದು ಟೈಪ್‌ರೈಟರಿನ ಸದ್ದು ಮಾತ್ರ. ನಿಮ್ಮಪ್ಪ ಕಿಟ್ವೆಗೆ ಹೊರಟದ್ದು ೧೯೮೪ರಲ್ಲಿ, ಆಗ ನಿನಗೆ ನಾಲ್ಕು ವರ್ಷ. ಆರು ತಿಂಗಳಲ್ಲಿ ನಾವಿಬ್ಬರೂ ಹೋಗುವುದೆಂದೇ ಇತ್ತು. ಅಷ್ಟರಲ್ಲಿ ನಿನ್ನಜ್ಜಿ ಬೆಟ್ಟಮ್ಮನಿಗೆ ಲಕ್ವ ಹೊಡೆದು ನಡುಮನೆಯ ಮಂಚ ಹಿಡಿದರು, ಒಂಬತ್ತು ವರ್ಷ ಏಳಲಿಲ್ಲ. ಹಳ್ಳಿಯಲ್ಲಿ ಕಂಡವರ ಹೊಲದಲ್ಲೂ ಗೇಯ್ದು ಮಗನನ್ನು ಎಂ.ಎಸ್ಸಿ. ಓದಿಸಿದ ಹೆಂಗಸು. ಅವರನ್ನು ಬಿಟ್ಟು ಹೋಗಲು ನನಗೂ ಮನಸ್ಸಾಗಲಿಲ್ಲ, ಬಿಟ್ಟು ಬಾ ಎಂದು ನಿಮ್ಮಪ್ಪನೂ ಒಂದು ದಿನವೂ ಬರೆಯಲಿಲ್ಲ.

ಆಗ ಗಣಿತದ ಲೇಖನ ಟೈಪ್ ಮಾಡುವುದೆಂದರೆ ಈಗಿನ ಹಾಗಲ್ಲ. ಯಂತ್ರದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟರೆ ಅವರಿಗೆ ಬೇಕಾದ ಚಿಹ್ನೆ ಒಂದೂ ಇರಲಿಲ್ಲ. ಮಾತುಗಳನ್ನು ಟೈಪ್ ಮಾಡಿ, ಚಿಹ್ನೆ ಬರುವ ಕಡೆ ಅಂದಾಜಿನ ಮೇಲೆ ಜಾಗ ಬಿಟ್ಟು, ಆಮೇಲೆ ಸಣ್ಣ ನಿಬ್ಬಿನ ಪೆನ್ನಿನಲ್ಲಿ ಕಪ್ಪು ಶಾಯಿ ಹಾಕಿ ಒಂದೊಂದನ್ನೇ ಬರೆದು ತುಂಬಬೇಕು. ಅಲ್ಲಿನ ಟೈಪಿಸ್ಟರಿಗೆ ಅಷ್ಟು ಪುರುಸೊತ್ತಿರಲಿಲ್ಲ. ನಾನು ಮದುವೆಗೆ ಮುಂಚೆಯೇ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. ಅವರು ಅಲ್ಲಿ ಕೈಬರಹದಲ್ಲಿ ಬರೆದು ವಿಮಾನದ ಅಂಚೆಗೆ ಹಾಕುವುದು, ನಾನು ಇಲ್ಲಿ ಟೈಪ್ ಮಾಡಿ, ತುಂಬಿ, ನೇರ ಗಣಿತದ ಪತ್ರಿಕೆಗೆ ಕಳಿಸುವುದು. ಹೀಗೆ ಆರು ವರ್ಷ ನಡೆಯಿತು.

ಗಣಿತ ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆಕಾರಗಳಿಗೆ ನಾನೇ ಹೆಸರಿಟ್ಟುಕೊಂಡಿದ್ದೆ. ಒಂದು ಕುಡುಗೋಲು, ಒಂದು ಕಡೆಗೋಲು, ಇನ್ನೊಂದು ಹೆಡೆ ಎತ್ತಿದ ಹಾವು. ರಜಕ್ಕೆ ಬಂದಾಗ ಇದನ್ನು ಕೇಳಿ ನಿಮ್ಮಪ್ಪ ಕೆಮ್ಮು ಬರುವಷ್ಟು ನಕ್ಕರು. ಆಮೇಲಿನ ಹಾಳೆಗಳ ಅಂಚಿನಲ್ಲಿ ಅವರೇ ಬರೆಯುತ್ತಿದ್ದರು: "ಪ್ರೇಮ, ಇಲ್ಲಿರುವುದು ಕಡೆಗೋಲು, ಕುಡುಗೋಲು ಹಾಕಿಬಿಟ್ಟೀಯ, ಹುಷಾರು." ಬೇರೆಯವರ ಗಂಡಂದಿರು ಫಾರಿನ್ನಿಂದ ಸೀರೆ, ಸೆಂಟು ಕಳಿಸುತ್ತಿದ್ದರು. ನನಗೆ ಬರುತ್ತಿದ್ದದ್ದು ಆ ಹಾಳೆಗಳು. ಅವು ಬಂದ ದಿನ ನಾನು ಅತ್ತೆಗೆ ಊಟ ಮಾಡಿಸಿ, ನಿನ್ನನ್ನು ಶಾಲೆಗೆ ಕಳಿಸಿ, ಮುಖ ತೊಳೆದು ಹೂ ಮುಡಿದು ಯಂತ್ರದ ಮುಂದೆ ಕೂರುತ್ತಿದ್ದೆ. ನಗಬೇಡ, ನಿಜ.

ಎರಡು ವರ್ಷ ಅವರು ಒಂದೇ ಪ್ರಮೇಯಕ್ಕೆ ತಗುಲಿಕೊಂಡಿದ್ದರು. ಒಂದು ಹೆಜ್ಜೆ ದಾಟಲಾಗುತ್ತಿಲ್ಲ ಎಂದು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದರು. ೧೯೯೦ರ ಯುಗಾದಿ ಕಳೆದ ವಾರ ದಪ್ಪ ಲಕೋಟೆ ಬಂತು. ಜೊತೆಗಿದ್ದ ಚೀಟಿಯಲ್ಲಿ ಹೀಗಿತ್ತು: ಮೂರನೇ ಪುಟದ ಹೆಜ್ಜೆ ನನ್ನದಲ್ಲ, ನನ್ನ ವಿದ್ಯಾರ್ಥಿ ಮುತಾಲೆ ಬ್ವಾಲ್ಯಾ ಎಂಬುವನದು, ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಹೊಳೆಯಿತಂತೆ, ಅದಿಲ್ಲದಿದ್ದರೆ ಈ ಲೇಖನವೇ ಇಲ್ಲ, ಇಬ್ಬರ ಹೆಸರೂ ಹಾಕು, ಅವನದು ಮೊದಲು.

ಗಣಿತದವರು ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಹಾಕುತ್ತಾರೆ, ಅದರಲ್ಲಿ ದೊಡ್ಡವರು ಚಿಕ್ಕವರು ಎಂಬುದಿಲ್ಲ. ಇಂಗ್ಲಿಷಿನಲ್ಲಿ ಬ್ವಾಲ್ಯಾದ ಬಿ ಮೊದಲು ಬರುತ್ತದೆ, ದೇವರಾಜುವಿನ ಡಿ ಆಮೇಲೆ, ಅಷ್ಟೇ ವಿಷಯ. ಅದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನಾನು ಮದುವೆಗೆ ಮುಂಚೆ ಎರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಪಟ್ಟಿಗಳನ್ನು ಟೈಪ್ ಮಾಡಿದವಳು. ಅಲ್ಲಿ ಮೇಲಿರುವ ಹೆಸರು ಸಾಹೇಬರದು, ಕೆಳಗಿರುವುದು ಗುಮಾಸ್ತನದು. ಸರಿಯಾಗಿ ಅದೇ ತಿಂಗಳು ಇಲ್ಲಿನ ಒಂದು ಸಂಸ್ಥೆಯಲ್ಲಿ ಪ್ರಾಧ್ಯಾಪಕರ ಹುದ್ದೆ ಖಾಲಿಯಾಗುತ್ತದೆಂದು ಸುದ್ದಿ ಬಂತು. ಎದುರು ಮನೆಯ ಅಂಬುಜಮ್ಮನ ಯಜಮಾನರಿಗೆ ಇಂಥದ್ದೆಲ್ಲ ಗೊತ್ತಿರುತ್ತಿತ್ತು. "ಸ್ವಂತ ಹೆಸರಲ್ಲಿ ಒಂದು ಗಟ್ಟಿ ಪೇಪರ್ ಇರ್ಬೇಕು ಕಣಮ್ಮ. ಇನ್ನೊಬ್ಬರ ಹಿಂದೆ ಹೆಸರಿದ್ರೆ ಕಮಿಟಿಯೋರು ಮೂಸೂ ನೋಡಲ್ಲ" ಅಂದರು.

ನನಗೆ ನಿಮ್ಮಪ್ಪ ಬೇಕಿತ್ತು, ಧರಣಿ. ಆರು ವರ್ಷವಾಗಿತ್ತು. ಎರಡು ವರ್ಷಕ್ಕೊಮ್ಮೆ ಬಂದು ನಲವತ್ತು ದಿನ ಇದ್ದು ಹೋಗುವ ಗಂಡ ನನಗೆ ಸಾಕಾಗುತ್ತಿರಲಿಲ್ಲ. ಮೊದಲ ಹಾಳೆಯನ್ನು ಅವರು ಹೇಳಿದ ಹಾಗೆಯೇ ಟೈಪ್ ಮಾಡಿದೆ. ಮೇಲೆ ಮುತಾಲೆ ಬ್ವಾಲ್ಯಾ, ಕೆಳಗೆ ದೇವರಾಜು. ನೋಡಿದೆ. ಎದ್ದು ಹೋಗಿ ಕಾಫಿ ಕುಡಿದು ಬಂದು ಮತ್ತೆ ನೋಡಿದೆ. ಆ ಹಾಳೆಯನ್ನು ಉರುಳೆಯಿಂದ ಎಳೆದು ಬದಿಗಿಟ್ಟು ಇನ್ನೊಂದು ಸಿಕ್ಕಿಸಿ, ಒಂದೇ ಹೆಸರು ಟೈಪ್ ಮಾಡಿದೆ. ಮರೆತು ಬಿಟ್ಟದ್ದಲ್ಲ, ಕೈ ತಪ್ಪಿದ್ದೂ ಅಲ್ಲ. ಗೊತ್ತಿದ್ದೇ ಮಾಡಿದೆ.

ಪತ್ರವ್ಯವಹಾರದ ವಿಳಾಸ ಈ ಮನೆಯದೇ ಆಗಿತ್ತು. ಆ ವರ್ಷದ ದಸರಾ ರಜೆಯಲ್ಲಿ ಪತ್ರಿಕೆಯ ಕರಡು ಇಲ್ಲಿಗೇ ಬಂತು. ತಿದ್ದಲು ಅದು ಎರಡನೇ ಅವಕಾಶ. ಎರಡು ಕಡೆ ಅಲ್ಪವಿರಾಮ ಸರಿಮಾಡಿ, ಒಂದು ಕಡೆಗೋಲು ತಲೆಕೆಳಗಾಗಿದ್ದನ್ನು ತಿದ್ದಿ, ಹೆಸರಿನ ಸಾಲನ್ನು ಹಾಗೇ ಬಿಟ್ಟು ಕಳಿಸಿದೆ. ಅಚ್ಚಾದ ಪ್ರತಿಗಳು ಬಂದಾಗಲೂ ಅವರಿಗೆ ಕಳಿಸಲಿಲ್ಲ. ಅವರು ಸಹಿ ಮಾಡಿ ಅಂಚೆಯಲ್ಲಿ ಕಳಿಸಿದ್ದ ಖಾಲಿ ಅರ್ಜಿಯನ್ನು ನಾನೇ ತುಂಬಿ, ಒಂದು ಪ್ರತಿ ಲಗತ್ತಿಸಿ ಕೊಟ್ಟು ಬಂದೆ. ಇಂಟರ್‌ವ್ಯೂಗೆ ಕರೆ ಬಂತು. ಜೂನ್ ಮೊದಲ ವಾರ ನಿಮ್ಮಪ್ಪ ಬಂದಿಳಿದರು.

ಇಂಟರ್‌ವ್ಯೂ ಹಿಂದಿನ ದಿನ ಬೆಳಿಗ್ಗೆ ಫೈಲು ಜೋಡಿಸಿಕೊಳ್ಳುವಾಗ ಅವರಿಗೆ ಆ ಪ್ರತಿ ಸಿಕ್ಕಿತು. "ಮುತಾಲೆ ಹೆಸ್ರು ಎಲ್ಲೋಯ್ತು ಪ್ರೇಮ?" ಅಂದರು. ಪ್ರೆಸ್ಸಿನವರು ಬಿಟ್ಟಿರಬೇಕು ಎಂದೆ. ನಂಬಿದರು, ಧರಣಿ. "ಛೆ, ಪಾಪ ಆ ಹುಡುಗ, ಪತ್ರಿಕೆಯೋರಿಗೆ ಬರೀಬೇಕು" ಎಂದು ಬೇಜಾರು ಮಾಡಿಕೊಂಡರು. ಆದರೆ ನಾನು ಎಳೆದು ಬದಿಗಿಟ್ಟಿದ್ದ ಹಾಳೆಯನ್ನು ಬಿಸಾಡಿರಲಿಲ್ಲ. ಒಳ್ಳೇ ಬಾಂಡ್ ಕಾಗದ, ಹಿಂಬದಿ ಖಾಲಿ ಇತ್ತು. ಅದರ ಮೇಲೆ ಸಾರಿನ ಪುಡಿಯ ಅಳತೆ ಬರೆದು ಅಡುಗೆಮನೆಯ ಮೊಳೆಗೆ ಚುಚ್ಚಿದ್ದೆ. ಬುದ್ಧಿವಂತಿಕೆ ನೋಡು ನನ್ನದು. ಮಧ್ಯಾಹ್ನ ನೀರು ಕುಡಿಯಲು ಬಂದವರು, "ಮೆಣಸು ಎಷ್ಟ್ ಹಾಕ್ತೀಯ, ಅಲ್ಲಿ ನಾನ್ ಮಾಡಿದ್ರೆ ಹಿಂಗಾಗಲ್ಲ" ಎಂದು ಹಾಳೆ ತೆಗೆದು ಓದಿ, ತಿರುಗಿಸಿದರು.

ಅವರು ಕೂಗಾಡಲಿಲ್ಲ. ನಡುಮನೆಯಲ್ಲಿ ಅತ್ತೆ ಇದ್ದರು. ಪಿಸುದನಿಯಲ್ಲೇ ಆ ಜಗಳ ನಡೆಯಿತು. "ಏನ್ಲಾ ಮಗ, ಅದೇನಂಗೆ ಪಿಸಪಿಸ ಅಂತಿದ್ದೀರಿ" ಎಂದು ಅತ್ತೆ ಕೇಳಿದರು, "ಏನಿಲ್ಲ ಕಣವ್ವ" ಎಂದು ಇವರು ಅಂದರು. ನಾಳೆ ಹೋಗಿ ಕಮಿಟಿಯ ಮುಂದೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಪತ್ರಿಕೆಗೂ ಬರೆಯುತ್ತೇನೆ, ಕೆಲಸ ಕೊಟ್ಟರೆ ಕೊಡಲಿ ಎಂದು ಅವರ ಹಟ. ಕಮಿಟಿಯಲ್ಲಿ ಇದ್ದವರೆಲ್ಲ ಈ ಊರಿನವರೇ. ದೇವರಾಜು ಹೆಂಡತಿ ಮೋಸ ಮಾಡಿದಳಂತೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ, ನಾಳೆ ಮಗಳಿಗೆ ಸಂಬಂಧ ಕೇಳಲು ಯಾರೂ ಬರುವುದಿಲ್ಲ ಎಂದು ನಾನು. ನಿನಗೆ ಆಗ ಹನ್ನೊಂದು ವರ್ಷ, ಆಗಲೇ ಸಂಬಂಧದ ಮಾತು ತೆಗೆದಿದ್ದೆ. ನಾಚಿಕೆ ಅಷ್ಟು ದೊಡ್ಡದಾಗಿತ್ತು ನನಗೆ.

ನೀನು ಜಗಲಿಯ ಮೇಲೆ ಕೂತು ನಕಾಶೆಗೆ ಬಣ್ಣ ತುಂಬುತ್ತಿದ್ದೆ. ನಾನು ಅವರ ಕೈ ಹಿಡಿದು ಎಳೆದುಕೊಂಡು ಬಂದು ನಿನ್ನ ತಲೆಯ ಮೇಲೆ ಇಡಿಸಿದೆ. ನಿನಗೆ ಕೇಳಿಸದ ಹಾಗೆ ಅವರ ಕಿವಿಯಲ್ಲಿ ಹೇಳಿದೆ: ಆ ಪತ್ರಿಕೆಗೆ ಒಂದಕ್ಷರ ಬರೆಯಕೂಡದು, ನಾನು ಮಾಡಿದೆ ಎಂದು ಯಾರಿಗೂ ಹೇಳಕೂಡದು, ಇವಳ ಆಣೆ. ದೇವಸ್ಥಾನದಲ್ಲಿ ಕೈ ಮುಗಿಯಲೂ ಹಿಂದೆ ಮುಂದೆ ನೋಡುವ ಮನುಷ್ಯ. ಆದರೂ ಕೈಯಡಿ ಇದ್ದದ್ದು ನಿನ್ನ ತಲೆ. ತುಂಬ ಹೊತ್ತು ನಿಂತಿದ್ದರು, ನೀನು ಬರೆದದ್ದು ಸರಿ. ಕೊನೆಗೆ "ಆಯ್ತು" ಅಂದರು. ನೀನು ತಲೆ ಎತ್ತಿ ಅವರನ್ನು ನೋಡಿ ನಕ್ಕೆ.

ಅದು ಆಶೀರ್ವಾದ ಆಗಿರಲಿಲ್ಲ ಮಗಳೇ. ಇದನ್ನು ಬರೆಯುವುದೇ ನನಗೆ ಎಲ್ಲಕ್ಕಿಂತ ಕಷ್ಟ. ನಿನ್ನ ಕೈಯಲ್ಲಿ ಅಪ್ಪನದೆಂದು ಇರುವ ಒಂದೇ ಒಂದನ್ನು ಕಿತ್ತುಕೊಂಡಂತೆ ಆಗುತ್ತದೆ. ಆದರೆ ಅವರು ನಿನ್ನ ತಲೆಗೆ ಎಷ್ಟು ಹೆದರಿದರು ಎಂಬುದನ್ನೂ ನೋಡು. ಸಾಯುವವರೆಗೂ ಆ ಮಾತು ಮುರಿಯಲಿಲ್ಲ.

ಮರುದಿನ ಗೇಟಿನವರೆಗೆ ಬಂದ ಆಟೋವನ್ನು ವಾಪಸ್ ಕಳಿಸಿದರು. "ಆ ಪೇಪರ್ ತೋರ್ಸಿ ಆ ಕುರ್ಚಿ ಮೇಲೆ ಕೂರೋಕೆ ನನ್ ಕೈಲಾಗಲ್ಲ" ಅಂದರು, ಅಷ್ಟೇ. ಸಂಜೆ ನೀನು ಶಾಲೆಯಿಂದ ಬಂದು, ಚೀಲ ಇಳಿಸುವ ಮೊದಲೇ, ಅಪ್ಪ ಕೆಲಸ ಸಿಕ್ತಾ ಎಂದು ಕೇಳಿದೆ. "ಹೋಗ್ಲಿಲ್ಲ ಕಣವ್ವ" ಅಂದರು. ಯಾಕೆ ಎಂದು ನೀನು ಮತ್ತೆ ಕೇಳಿದೆ. ಅವರು ನನ್ನ ಮುಖ ನೋಡಿದರು. ನಾನು ಅಕ್ಕಿ ಆರಿಸುತ್ತಿದ್ದೆ, ಮೊರದಿಂದ ತಲೆ ಎತ್ತಲಿಲ್ಲ. ಅಲ್ಲಿಯವರೆಗೆ ಅವರನ್ನು ನೀನು, ನೀನು ಎಂದು ಹೆಗಲೇರಿ ಮಾತಾಡಿಸುತ್ತಿದ್ದವಳು ಅವತ್ತಿನಿಂದ ನೀವು ಎನ್ನಲು ಶುರುಮಾಡಿದೆ. ಬಂದವರೆಲ್ಲ ಎಷ್ಟು ಮರ್ಯಾದೆ ಕಲಿಸಿದ್ದೀರಿ ಎಂದು ಹೊಗಳಿದರು. ಅವರಿಗೆ ಆ ಮರ್ಯಾದೆ ಎಷ್ಟು ಚುಚ್ಚುತ್ತಿತ್ತು ಎಂದು ನನಗೊಬ್ಬಳಿಗೇ ಗೊತ್ತಿತ್ತು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗಳು ದೊಡ್ಡವಳಾಗಲಿ ಎಂದೆ, ಆಮೇಲೆ ಮದುವೆಯಾಗಲಿ ಎಂದೆ, ಆಮೇಲೆ ಇನ್ನೇನು ಪ್ರಯೋಜನ ಎಂದೆ. ನೀನು ಅವರ ಮೇಲೆ ಸಿಟ್ಟಾಗಿದ್ದಷ್ಟು ದಿನವೂ ನನ್ನ ಪಕ್ಕ ಒರಗಿಕೊಂಡೇ ಇದ್ದೆ. ಅದು ನನಗೆ ಹಿತವಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಕಿಟ್ವೆಗೆ ಹಿಂತಿರುಗಿದ ಮೇಲೆ ಅವರು ಕಾಗದ ಬರೆಯುವುದನ್ನು ಬಿಡಲಿಲ್ಲ. ಅವ್ವನಿಗೆ ಔಷಧಿ ಸರಿಯಾಗಿ ಕೊಡು, ಧರಣಿಗೆ ಎಷ್ಟು ಅಂಕ ಬಂತು, ಎಲ್ಲ ಇರುತ್ತಿತ್ತು. ಟೈಪ್ ಮಾಡಲು ಮಾತ್ರ ಒಂದು ಹಾಳೆಯೂ ಬರಲಿಲ್ಲ. ಬೇರೆ ಕಡೆ ಮಾಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಇಲ್ಲ. ನಿನ್ನ ಪುಸ್ತಕದ ಪಟ್ಟಿ ನೋಡು, ೧೯೯೧ರ ಮೇಲೆ ಖಾಲಿ. ಯಾರೋ ಸಹೋದ್ಯೋಗಿ, ಆಡಳಿತದ ಹೊರೆಯಿಂದ ಸಂಶೋಧನೆ ಕುಂಠಿತವಾಯಿತು ಎಂದು ಬರೆದಿದ್ದಾರೆ. ಹೊರೆ ಯಾವುದೆಂದು ಅವರಿಗೇನು ಗೊತ್ತು.

ನಿವೃತ್ತಿಯಾಗಿ ೨೦೦೯ರಲ್ಲಿ ಬಂದವರು ಹದಿನೈದು ವರ್ಷ ಈ ಮನೆಯಲ್ಲಿದ್ದರು. ಹುರುಳಿಕಾಯಿ ಬಿಡಿಸಿ ಕೊಡುತ್ತಿದ್ದರು, ಸುಷ್ಮಿತಾಗೆ ಹೋಳಿಗೆ ಕತ್ತರಿಸಿ ಭಿನ್ನರಾಶಿ ಹೇಳಿಕೊಟ್ಟರು. ಒಂದು ದಿನವೂ ಆ ಮಾತು ಎತ್ತಲಿಲ್ಲ, ಒಂದು ದಿನವೂ ಹಂಗಿಸಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ, ನೀನು ಔಷಧಿ ತರಲು ಕೆಳಗೆ ಹೋಗಿದ್ದಾಗ, "ಪ್ರೇಮ, ಆ ಆಣೆ ವಾಪಸ್ ತಕೊಳ್ತೀಯ?" ಅಂದರು. ನಾನು, "ಈಗ್ಯಾಕ್ರೀ ಅವೆಲ್ಲ, ಮೊದ್ಲು ಗಂಜಿ ಕುಡೀರಿ" ಅಂದೆ. ಕುಡಿದರು. ಮತ್ತೆ ಕೇಳಲಿಲ್ಲ.

ಒಂದು ವರ್ಷದಿಂದ ಆ ಗಂಜಿಯ ಲೋಟ ನನ್ನ ಕಣ್ಣ ಮುಂದಿದೆ. ಅತ್ತು ಪ್ರಯೋಜನವಿಲ್ಲ ಎಂದು ತೀರ್ಮಾನಿಸಿ ಏನು ಮಾಡಬಹುದೋ ಅದನ್ನು ಮಾಡಲು ಹೊರಟಿದ್ದೇನೆ. ಆ ಪತ್ರಿಕೆಗೆ ಎಲ್ಲವನ್ನೂ ಟೈಪ್ ಮಾಡಿ ಕಳಿಸಿದ್ದೇನೆ. ಅದೇ ಹಳೇ ಯಂತ್ರ, ರಿಬ್ಬನ್ ಹುಡುಕಲು ಮಾರುಕಟ್ಟೆಯಲ್ಲಿ ಮೂರು ಅಂಗಡಿ ತಿರುಗಿದೆ. ಪುಸ್ತಕಕ್ಕೆಂದು ನೀನು ಹುಡುಕಿದ್ದ ಹಳೇ ವಿದ್ಯಾರ್ಥಿಗಳಲ್ಲಿ ಒಬ್ಬರ ಮೂಲಕ ಮುತಾಲೆ ಬ್ವಾಲ್ಯಾ ಅವರ ವಿಳಾಸವನ್ನು ಸುಷ್ಮಿತಾ ಹುಡುಕಿಕೊಟ್ಟಳು. ಅವರಿಗೂ ಬರೆದೆ, ಅವಳು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದಳು. ಓದಬೇಡ ಎಂದಿದ್ದೆ. ಹದಿನೇಳರ ಹುಡುಗಿ, ಓದದೆ ಇರುತ್ತಾಳೆಯೇ. ಓದಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಅವಳನ್ನು ಬೈಯಬೇಡ. ಐದು ವಾರವಾಯಿತು, ಅವರಿಂದ ಉತ್ತರ ಬಂದಿಲ್ಲ. ಬರದಿದ್ದರೆ ನ್ಯಾಯವೇ.

ಹದಿನಾಲ್ಕನೇ ಪುಟವನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಮುತಾಲೆ ಬ್ವಾಲ್ಯಾ ಮತ್ತು ದೇವರಾಜು, ಆ ಕ್ರಮದಲ್ಲೇ. ಬಹುಮಾನದ ಹೆಸರೂ ಇಬ್ಬರದೇ. ಕೆಳಗೆ ಒಂದು ಟಿಪ್ಪಣಿ ಹಾಕಿದ್ದೇನೆ, ಹೆಸರು ಬಿಟ್ಟವಳು ಲೇಖನ ಟೈಪ್ ಮಾಡಿದ ಪ್ರೇಮಲೀಲಾ ಎಂದು. ನಿನ್ನ ಒಂಬತ್ತನೇ ಪುಟವನ್ನು ಮುಟ್ಟಿಲ್ಲ. ಅದು ನಿನ್ನದು, ಏನು ಉಳಿಸುತ್ತೀಯೋ ಏನು ತೆಗೆಯುತ್ತೀಯೋ ನೀನೇ ನೋಡು. ಮೂರನೇ ತಾರೀಕಿನ ಸಭೆಯಲ್ಲಿ ನಾನು ಐದು ನಿಮಿಷ ಮಾತಾಡುತ್ತೇನೆ. ನಿರೂಪಣೆಗೆ ಬರುವ ಹುಡುಗಿಗೆ ನನ್ನ ಹೆಸರನ್ನು ಮೊದಲೇ ಸೇರಿಸಲು ಹೇಳು, ಇಲ್ಲದಿದ್ದರೆ ನಾನೇ ಎದ್ದು ಮೈಕಿನ ಹತ್ತಿರ ಬರುತ್ತೇನೆ.

ಸತ್ತವರ ಹೆಸರಿಗೆ ಯಾಕಮ್ಮ ಮಸಿ ಬಳಿಯುತ್ತೀಯ ಎನ್ನುತ್ತೀಯ, ಗೊತ್ತು. ಮಸಿ ಇರುವುದು ನನ್ನ ಬೆರಳಿಗೆ. ಬೀಗರು ಏನಂದುಕೊಳ್ಳುತ್ತಾರೆ ಎಂದರೆ, ನಿನ್ನ ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ಇನ್ನು ಅವರು ನಿನ್ನನ್ನು ವಾಪಸ್ ಕಳಿಸುವುದಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅದಕ್ಕೆ ಕಾರಣ ಇದೆ. ಅವರ ಮೇಲೆ ಇಟ್ಟುಕೊಂಡಿದ್ದಕ್ಕೆ ಇರಲಿಲ್ಲ. ಈ ಕಾಗದದ ಜೊತೆ ಆ ಮೊದಲ ಹಾಳೆ ಇಟ್ಟಿದ್ದೇನೆ. ಇಂಗಿನ ವಾಸನೆ ಇನ್ನೂ ಇದೆ. ಸಾರಿನ ಪುಡಿ ಅಳತೆ ಬೇಕಾದರೆ ಬರೆದುಕೊಂಡು ಹಾಳೆಯನ್ನು ಜೋಪಾನವಾಗಿಡು.

ಸಿಟ್ಟು ಇಳಿದ ಮೇಲೆ ಬಾ. ಇಳಿಯದಿದ್ದರೂ ಬಾ.

ನಿನ್ನ ಅಮ್ಮ,
ಪ್ರೇಮಲೀಲಾ

ತಾ.ಕ. ಬುಧವಾರ ಬೆಳಿಗ್ಗೆ. ಅಂಟಿಸಿದ್ದ ಲಕೋಟೆಯನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಏಳು ಗಂಟೆಗೆ ಸುಷ್ಮಿತಾ ವಾಟ್ಸಾಪಿನಲ್ಲಿ ಮುತಾಲೆ ಬ್ವಾಲ್ಯಾ ಅವರ ಉತ್ತರ ಕಳಿಸಿದಳು. ೧೯೯೨ರ ಜನವರಿಯಲ್ಲಿ, ತರಗತಿಯ ಮೊದಲ ದಿನ, ನಿಮ್ಮಪ್ಪ ಎಲ್ಲ ಹುಡುಗರ ಎದುರು ಅವರನ್ನು ಎಬ್ಬಿಸಿ ನಿಲ್ಲಿಸಿ, "ಇವನ ಹೆಸರನ್ನು ನಾನೇ ಬಿಟ್ಟೆ, ಮೈಸೂರಿನ ಕೆಲಸದ ಆಸೆಗೆ ಬಿಟ್ಟೆ" ಎಂದು ಹೇಳಿ ಕ್ಷಮೆ ಕೇಳಿದರಂತೆ. ಪತ್ರಿಕೆಗೆ ಬರೆಯಲಿಲ್ಲ, ನನ್ನ ಹೆಸರೂ ಹೇಳಲಿಲ್ಲ, ಎರಡು ಷರತ್ತಿನ ನಡುವೆ ಅವರಿಗೆ ಉಳಿದದ್ದು ಅದೊಂದೇ ದಾರಿ. ಆ ಹುಡುಗ ಕ್ಷಮಿಸಲಿಲ್ಲ. ಅವತ್ತೇ ಸಂಶೋಧನೆ ಬಿಟ್ಟು ಹೈಸ್ಕೂಲು ಮೇಷ್ಟ್ರಾಗಿ ಹೋದರಂತೆ, ಈಗ ನಿವೃತ್ತರಾಗಿದ್ದಾರೆ. ಕೊನೆಯಲ್ಲಿ ಬರೆದಿದ್ದಾರೆ: "ಪ್ರೊಫೆಸರ್ ಹೇಳಿದ್ದನ್ನು ನಂಬಿ ಮೂವತ್ತಮೂರು ವರ್ಷ ಅವರನ್ನು ದ್ವೇಷಿಸಿದೆ. ಈಗ ನೀವು ಬೇರೆ ಹೇಳುತ್ತಿದ್ದೀರಿ. ನಿಮ್ಮಿಬ್ಬರಲ್ಲಿ ಯಾರನ್ನು ನಂಬಲಿ?" ನನ್ನನ್ನು ನಂಬಿ, ಅವರು ಸುಳ್ಳು ಹೇಳಿದ್ದರು ಎಂದು ಈಗಷ್ಟೇ ಉತ್ತರ ಕಳಿಸಿದೆ. ಧರಣಿ, ನೀನು ಕೇಳುವ ಮೊದಲೇ ನಿನಗೂ ಅದೇ ಉತ್ತರ.